ಗ್ರೇಸ್, ಕುಣಿಗಲ್

ರೋಸಮ್ಮ ಟೀಚರ್ ನಮ್ಮ ಬೇಕರಿಗೆ ಬಂದರೆ ಮೊದಲು ನೋಡುತ್ತಿದ್ದುದು ಬ್ರೆಡ್ಡನ್ನಲ್ಲ, ಬೋರ್ಡನ್ನು. ತುಮಕೂರಿನ ಶಿರಾ ಗೇಟಿನ ಬಸ್ಸು, ಲಾರಿ, ಆಟೊಗಳ ಗದ್ದಲದಲ್ಲೂ ರಸ್ತೆಯಾಚೆಯೇ ನಿಂತು, ಕೊಡೆಯ ತುದಿಯನ್ನು ಬೋರ್ಡಿನತ್ತ ಚಾಚಿ ಒಂದೊಂದೇ ಅಕ್ಷರ ಓದುತ್ತಿದ್ದರು. 'ಎಲ್ಲಾ ತರಹದ ತಿಂಡಿಗಳು ಸಿಗುತ್ತದೆ' ಎಂದು ಪೇಂಟರ್ ಬರೆದುಹೋಗಿದ್ದ. ಟೀಚರ್ ಒಳಗೆ ಬಂದವರೇ, ಗಿರಾಕಿಗಳು ನಿಂತಿದ್ದಾರೆ ಅನ್ನುವುದನ್ನೂ ನೋಡದೆ ನನ್ನ ಕಿವಿ ಹಿಡಿದರು.

"ತಿಂಡಿಗಳು ಸಿಗುತ್ತವೆ ಕಣೋ ಇಜಾಜ್! ಏಳನೇ ಕ್ಲಾಸಲ್ಲಿ ನಿಂಗೆ ಹೇಳಿಕೊಟ್ಟಿದ್ದೆಲ್ಲಾ ಹೊಳೇಲಿ ಹುಣಸೆಹಣ್ಣು ತೊಳೆದಂಗಾಯ್ತು."

ಆಗ ನನಗೆ ನಲವತ್ತು ದಾಟಿತ್ತು, ಗಡ್ಡದಲ್ಲಿ ಬಿಳಿ ಕಾಣಿಸಿಕೊಂಡಿತ್ತು. ಮಾರನೆಯ ದಿನವೇ ಪೇಂಟರನ್ನು ಕರೆಸಿ 'ದೆ'ಯನ್ನು 'ವೆ' ಮಾಡಿಸಿದೆ. ಏನು ಮಾಡುವುದು, ಆಕೆಯ ಕೈಲಿದ್ದ ಕೆಂಪು ಪೆನ್ನಿಗೆ ಹೆದರದವರು ಬಟವಾಡಿ ಬಡಾವಣೆಯಲ್ಲೇ ಯಾರೂ ಇರಲಿಲ್ಲ. ಅಲ್ಲಿನ ಶಾಲೆಯಲ್ಲಿ ಕನ್ನಡ ಹೇಳಿಕೊಟ್ಟು ರಿಟೈರಾಗಿದ್ದರು. ಮದುವೆಯ ಇನ್ವಿಟೇಷನ್ ಕೊಟ್ಟರೂ ತಪ್ಪು ತಿದ್ದಿ ವಾಪಸ್ ಕೊಡುತ್ತಿದ್ದ ಹೆಂಗಸು. ಹೆಸರನ್ನು ತಪ್ಪಾಗಿ ಬರೆದರಂತೂ ಮುಗಿಯಿತು. "ಹೆತ್ತೋರು ಇಟ್ಟ ಹೆಸರು ಕಣೋ, ಅದನ್ನ ಕೆಡಿಸೋ ಹಕ್ಕು ಯಾರಿಗೂ ಇಲ್ಲ" ಅನ್ನುತ್ತಿದ್ದರು. ಆ ಮಾತೇ ಒಂದು ದಿನ ಅವರಿಗೆ ಮುಳುವಾಗುತ್ತದೆಂದು ಯಾರು ಕಂಡಿದ್ದರು.

ಪ್ರತಿ ಡಿಸೆಂಬರಿನ ಮೂರನೇ ವಾರ ಮಾತ್ರ ಟೀಚರ್ ಬೋರ್ಡು ನೋಡುತ್ತಿರಲಿಲ್ಲ. ಆಟೊದಿಂದ ಇಳಿಯುವಾಗ ತೊಡೆಯ ಮೇಲೆ ದೊಡ್ಡ ಪಾತ್ರೆ, ಅದರ ಬಾಯಿಗೆ ಬಿಗಿದ ಟವೆಲ್ಲು. ಒಳಗೆ ಮೈದಾ, ಬೆಣ್ಣೆ, ಈಸ್ಟು, ಒಣದ್ರಾಕ್ಷಿ, ಸಕ್ಕರೆ ಪಾಕದಲ್ಲಿ ಬೇಯಿಸಿದ ಕಿತ್ತಳೆ ಸಿಪ್ಪೆ ಹಾಕಿ ನಾದಿದ ಹಿಟ್ಟು. ನಮ್ಮದು ಇನ್ನೂ ಸೌದೆ ಓವನ್. ಮೊದಲೆಲ್ಲಾ ಊರಿನ ಹತ್ತಾರು ಮನೆಯವರು ಕ್ರಿಸ್‌ಮಸ್ಸಿಗೆ ಹೀಗೆ ತಮ್ಮ ಕೇಕಿನ ಹಿಟ್ಟು ತಂದು ನಮ್ಮಲ್ಲಿ ಬೇಯಿಸಿಕೊಂಡು ಹೋಗುತ್ತಿದ್ದರು. ಮನೆಮನೆಗೆ ಕರೆಂಟಿನ ಓವನ್ ಬಂದ ಮೇಲೆ ಉಳಿದವರು ಟೀಚರ್ ಒಬ್ಬರೇ.

ಆ ಹಿಟ್ಟಿನಿಂದಾಗುವ ಕ್ರಿಸ್‌ಮಸ್ ರೊಟ್ಟಿ ಟೀಚರ್ ಅತ್ತೆ ಕಲಿಸಿದ್ದು. ಅತ್ತೆ ಗುಬ್ಬಿಯವರು, ಹಿಂದೆ ಯಾವುದೋ ಪರದೇಶದ ದೊರೆಸಾನಿಯ ಮನೆಯಲ್ಲಿ ಅಡುಗೆಗಿದ್ದು ಕಲಿತದ್ದಂತೆ. ಹಿಟ್ಟನ್ನು ಮೊರದಗಲ ತಟ್ಟಿ, ನಡುವೆ ಬಾದಾಮಿ, ಸಕ್ಕರೆ, ಪನ್ನೀರು ಹಾಕಿ ಅರೆದ ಗಟ್ಟಿ ಮಿಠಾಯಿಯನ್ನು ಕೋಲಿನಂತೆ ಹೊಸೆದು ಇಟ್ಟು, ಮೇಲೆ ಹಿಟ್ಟಿನ ಮಡಿಕೆಯನ್ನು ಹೊದಿಸಬೇಕು. ಆ ಮಿಠಾಯಿಗೆ ಮಾರ್ಜಿಪಾನ್ ಎಂದು ಹೆಸರು. ನನ್ನ ಅಬ್ಬಾನ ನಾಲಗೆಗೆ ಅದು ಹತ್ತಲಿಲ್ಲ. "ಟೀಚರಮ್ಮಾ, ನಿಮ್ಮ ಮರ್ಜಿ ಎಲ್ಲಿ? ಮರ್ಜಿ ಹಾಕಿದ್ರಾ?" ಅನ್ನುತ್ತಿದ್ದರು. ಊರಿನವರ ಕಾಗುಣಿತ ತಿದ್ದುವ ಟೀಚರ್ ಅದೊಂದು ಪದವನ್ನು ಮಾತ್ರ ತಿದ್ದಲಿಲ್ಲ. ನಕ್ಕುಬಿಟ್ಟರು. "ಇರ್ಲಿ ಬಿಡಿ ಸಾಬ್ರೇ. ಎಲ್ಲಾ ಮೇಲಿರೋನ ಮರ್ಜಿ ತಾನೇ?" ಅಂದಿನಿಂದ ಅದು ಮರ್ಜಿ ರೊಟ್ಟಿಯಾಯಿತು.

ಮಡಿಸಿದ ಮೇಲೆ ಅದು ಬಟ್ಟೆಯಲ್ಲಿ ಸುತ್ತಿ ಮಲಗಿಸಿದ ಹಸುಗೂಸಿನಂತೆಯೇ ಕಾಣುತ್ತಿತ್ತು. ಕಾಣಬೇಕಾದದ್ದೂ ಹಾಗೆಯೇ ಅಂತೆ, ಬಾಲಯೇಸುವಿನ ಲೆಕ್ಕ ಅದು. ಬೆಂದ ಮೇಲೆ ಬೆಣ್ಣೆ ಸವರಿ, ಸಕ್ಕರೆ ಪುಡಿ ಉದುರಿಸಿ, ಬಿಳಿ ಬಟ್ಟೆಯಲ್ಲಿ ಸುತ್ತುತ್ತಿದ್ದರು. ಒಮ್ಮೆ ನಾನು ಚಾಕು ತಂದಾಗ ಕೈ ಮೇಲೆ ಹೊಡೆದರು. "ಕೂಸಿಗೆ ಚಾಕು ಹಾಕ್ತಾರೇನೋ ಅಯೋಗ್ಯ? ಕೈಯಲ್ಲಿ ಮುರಿ." ಓವನ್ ಪಕ್ಕ ಒಂದು ಮರದ ಸ್ಟೂಲ್ ಇತ್ತು. ರೊಟ್ಟಿ ಬೇಯುವವರೆಗೂ ಅದರ ಮೇಲೆ ಕೂತು, ಕೊಡೆಯನ್ನು ನೆಲಕ್ಕೆ ಟಕ್ ಟಕ್ ಎಂದು ಕುಟ್ಟುತ್ತಿದ್ದರು.

ಪ್ರತಿ ವರ್ಷ ಮೂರು ರೊಟ್ಟಿ. ಒಂದು ಅವರ ಮನೆಗೆ, ಒಂದು ನಮಗೆ, ಒಂದು ಕುಣಿಗಲ್ಲಿಗೆ.

ಕುಣಿಗಲ್ಲಿನಲ್ಲಿದ್ದವಳು ಅವರ ಒಬ್ಬಳೇ ಮಗಳು ಗ್ರೇಸ್. ಹಿಂದೂ ಹುಡುಗನನ್ನು ಇಷ್ಟಪಟ್ಟು ದೇವಸ್ಥಾನದಲ್ಲಿ ತಾಳಿ ಕಟ್ಟಿಸಿಕೊಂಡಳು. ಟೀಚರಿಗೆ ಹುಡುಗನ ಮೇಲೆ ಅಷ್ಟೇನೂ ಕೋಪ ಇರಲಿಲ್ಲ. ಗಂಡನ ಮನೆಯವರು ಮಗಳ ಹೆಸರು ಬದಲಾಯಿಸಿದರೆಂಬ ಸುದ್ದಿ ಕೇಳಿ ಕೆಂಡವಾದರು. "ನನ್ನ ಬಾಗಿಲಿಗೆ ಬರ್ಬೇಡ" ಎಂದು ಬಾಯಿಬಿಟ್ಟು ಹೇಳಿಬಿಟ್ಟರು. ಹೇಳಿದ ಮೇಲೆ ಹಿಂದೆ ತಗೊಳ್ಳಲು ಬರಲಿಲ್ಲ. ಫೋನ್ ಮಾಡಿ ಎಂದರೆ "ಅವ್ಳೇ ಮಾಡ್ಲಿ" ಅನ್ನುವುದು. ಆದರೆ ಕ್ರಿಸ್‌ಮಸ್ ಬಂದಾಗ ಮೂರನೇ ರೊಟ್ಟಿ ಸುತ್ತಿ, ಮೇಲೆ ಕೆಂಪು ಪೆನ್ನಿನಲ್ಲಿ ದುಂಡಗೆ 'ಗ್ರೇಸ್, ಕುಣಿಗಲ್' ಎಂದು ಬರೆದ ಚೀಟಿ ಅಂಟಿಸಿ ನನ್ನ ಕೈಗೆ ಕೊಡುತ್ತಿದ್ದರು. ಅದೇ ಆಕೆಯ ಕ್ಷಮಾಪಣೆ ಪತ್ರ. ನಾನು ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತಿದ್ದೆ, ಆತ ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಅಬ್ಬಾನಿಗೆ ಗೊತ್ತಿದ್ದ ಟೀ ಅಂಗಡಿಗೆ ಕೊಡುತ್ತಿದ್ದ. ಅಲ್ಲಿಂದ ಮಗಳಿಗೆ ಮುಟ್ಟುತ್ತದೆ ಎಂದು ನಾವೆಲ್ಲ ನಂಬಿದ್ದೆವು.

"ಪೂರ್ತಿ ಅಡ್ರೆಸ್ ಬರೀರಿ ಟೀಚರ್" ಎಂದು ಒಮ್ಮೆ ಹೇಳಿದ್ದೆ.

"ಅಡ್ರೆಸ್ ನಂಗೇನು ಗೊತ್ತು? ಸಣ್ಣ ಊರು, ಗ್ರೇಸ್ ಅಂತ ಎಷ್ಟು ಜನ ಇರ್ತಾರೆ? ಕೇಳಿದ್ರೆ ಯಾರಾದ್ರೂ ತೋರಿಸ್ತಾರೆ."

"ಅಲ್ಲಿ ಬೇರೆ ಹೆಸರು ಅಂದ್ರಲ್ಲ?"

"ಅದೇನೋ ಕರೀತಾರಂತೆ. ನಾನು ಹೆತ್ತಿದ್ದು ಗ್ರೇಸನ್ನ. ಸುಮ್ನೆ ಕಳಿಸೋ."

ನಾಲ್ಕು ವರ್ಷ ಹೀಗೇ ನಡೆಯಿತು. "ಮುಟ್ತಾ?" ಎಂದು ಕೇಳುತ್ತಿದ್ದರು. "ಮುಟ್ತು" ಎನ್ನುತ್ತಿದ್ದೆ. ಐದನೇ ವರ್ಷ, ಅಬ್ಬಾ ತೀರಿಕೊಂಡ ಮೇಲೆ, ನನ್ನ ಹೆಂಡತಿಯ ಕಡೆಯವರ ಮದುವೆಗೆಂದು ಜನವರಿಯಲ್ಲಿ ಕುಣಿಗಲ್ಲಿಗೆ ಹೋಗಬೇಕಾಯಿತು. ಟೀಚರ್ ಓಡಿಬಂದರು. ರಸ್ತೆಯಾಚೆ ನಿಲ್ಲಲಿಲ್ಲ, ಬೋರ್ಡು ನೋಡಲಿಲ್ಲ. "ರೊಟ್ಟಿ ತಿಂದು ಏನಂದ್ಳು ಅಂತ ಕೇಳ್ಕೊಂಡು ಬಾರೋ. ನಾನು ಕೇಳಿದೆ ಅನ್ಬೇಡ, ನೀನೇ ಕೇಳ್ದಂಗೆ ಕೇಳು."

ಬಸ್ ಸ್ಟ್ಯಾಂಡಿನ ಟೀ ಅಂಗಡಿಯವನು ಲೋಟ ತೊಳೆಯುತ್ತಲೇ ಹೇಳಿದ: "ಯಾವ ಗ್ರೇಸಮ್ಮ ಕಣಣ್ಣ? ಆ ಹೆಸ್ರಿನೋರು ಈ ಕಡೆ ಯಾರೂ ಇಲ್ಲ. ನಾನೂ ವರ್ಷಾ ವರ್ಷಾ ಕೇಳಿಸ್ತೀನಿ. ಎಲ್ಡು ದಿನ ಮಡೀಕಂಡು, ಆಮೇಲೆ ಸ್ಕೂಲ್ ಮಕ್ಕಳಿಗೆ ಮುರಿದು ಕೊಟ್ಬುಡ್ತೀನಿ. ಕೆಟ್ಟೋಗೋದು ಯಾಕೆ?"

ಆ ಸಲದ್ದೂ ಸೇರಿ ಐದು ರೊಟ್ಟಿ. ಕುಣಿಗಲ್ ಏನು ಮಹಾ ದೊಡ್ಡ ಊರು? ಬಟವಾಡಿಯ ಟೀಚರ್ ಮಗಳು, ತುಮಕೂರಿಂದ ಮದುವೆಯಾಗಿ ಬಂದವಳು ಎಂದು ನಾಲ್ಕು ಕಡೆ ವಿಚಾರಿಸಿದ್ದರೆ ಒಂದು ಗಂಟೆಯಲ್ಲಿ ಸಿಗುತ್ತಿದ್ದರು. ಹೆಂಡತಿ ಮಕ್ಕಳು ಆಟೊದಲ್ಲಿ ಕಾಯುತ್ತಿದ್ದರು, ಊಟದ ಹೊತ್ತು ಮೀರುತ್ತಿತ್ತು. ನಾನು ಹೊರಟುಬಿಟ್ಟೆ. ನನ್ನ ಸೋಮಾರಿತನಕ್ಕೆ ಬೇರೆ ಹೆಸರು ಇಡಲು ಈಗ ಮನಸ್ಸಿಲ್ಲ.

ವಾಪಸ್ ಬಂದರೆ ಟೀಚರ್ ಸ್ಟೂಲ್ ಮೇಲೆ ಕೂತಿದ್ದರು. ಕೊಡೆ ಟಕ್ ಟಕ್.

"ಏನಂದ್ಳೋ?"

ಆ ಮುಖ ನೋಡಿ ನಿಜ ಹೇಳಲು ನಾಲಗೆ ಏಳಲಿಲ್ಲ. "ಚೆನ್ನಾಗಿತ್ತು ಅಂದ್ರು ಟೀಚರ್."

ಟೀಚರ್ ಕಣ್ಣು ಕಿರಿದು ಮಾಡಿದರು. ಕಾಪಿ ಹೊಡೆದವನನ್ನು ಹಿಡಿಯುವ ಕಣ್ಣು ಅದು. "ಬರೀ ಚೆನ್ನಾಗಿತ್ತು ಅಂದ್ಳಾ? ನನ್ನ ಮಗಳು ಏನಾದ್ರೂ ತಪ್ಪು ಹುಡುಕದೆ ಬಿಡಲ್ವಲ್ಲೋ."

ಸಿಕ್ಕಿಬೀಳುವ ಭಯಕ್ಕೆ ಬಾಯಿಗೆ ಬಂದದ್ದು ಹೇಳಿದೆ. "ಕಿತ್ತಳೆ ಸಿಪ್ಪೆ ಸ್ವಲ್ಪ ಕಹಿ ಅಂದ್ರು."

ಅಷ್ಟು ಸಾಕಾಯಿತು. ಮುಖ ಅರಳಿತು, ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡರು. "ಅಂದ್ಳೇನೋ? ಹಂಗಂದ್ಳಾ? ಸರಿ ಸರಿ, ಮುಂದಿನ ವರ್ಷ ಸಿಪ್ಪೆ ಬೇಡ ಬಿಡು!" ತಪ್ಪು ತೋರಿಸಿದ್ದಕ್ಕೆ ಟೀಚರ್ ಖುಷಿಪಟ್ಟದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ಮುಂದಿನ ವರ್ಷದಿಂದ ರೊಟ್ಟಿಗೆ ಸಿಪ್ಪೆ ಬೀಳಲಿಲ್ಲ. ಗುಬ್ಬಿಯ ಅತ್ತೆ ಕೊಟ್ಟ ಲೆಕ್ಕವನ್ನು ನಲವತ್ತು ವರ್ಷ ಅಲ್ಲಾಡಿಸದ ಹೆಂಗಸು ನನ್ನ ಒಂದು ಸುಳ್ಳಿಗೆ ಬದಲಾಯಿಸಿಬಿಟ್ಟರು. ಕಳಿಸುವುದನ್ನು ನಿಲ್ಲಿಸಿದರೆ ಸುಳ್ಳು ಹೊರಬೀಳುತ್ತದೆಂದು ನಾನೂ ಕಳಿಸುತ್ತಲೇ ಹೋದೆ. ಪ್ರತಿ ಜನವರಿ ಸ್ಟೂಲ್ ಮೇಲೆ ಕೂತು "ಏನಂದ್ಳೋ?" ಎನ್ನುವರು. ಒಂದು ವರ್ಷ "ಮರ್ಜಿ ಇನ್ನೂ ಸ್ವಲ್ಪ ಇರ್ಲಿ ಅಂದ್ರಂತೆ" ಎಂದೆ, ಇನ್ನೊಂದು ವರ್ಷ "ದ್ರಾಕ್ಷಿ ಕಡಿಮೆ ಅಂದ್ರಂತೆ" ಎಂದೆ. ಇಲ್ಲದ ಮಗಳೊಬ್ಬಳನ್ನು ನಾನೇ ಹುಟ್ಟಿಸಿ ಸಾಕುತ್ತಿದ್ದೆ.

ಎರಡು ವರ್ಷದ ಹಿಂದೆ ಟೀಚರ್ ರೊಟ್ಟಿಗೆ ಬಟ್ಟೆ ಸುತ್ತುತ್ತಾ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದರು. "ಇಷ್ಟು ವರ್ಷ ನನ್ನ ಕೈ ರೊಟ್ಟಿ ತಿಂದವಳೆ ಅಂದ್ರೆ ಕೋಪ ಹೋಗಿದೆ ಅಲ್ವೇನೋ? ಈ ಸಲ ನಾನೇ ತಗೊಂಡು ಹೋಗ್ಲಾ?"

ಅಲ್ಲಿ ಹೇಳಬೇಕಿತ್ತು. ಆ ಕ್ಷಣ ನನ್ನನ್ನು ಇಂದಿಗೂ ಬಿಟ್ಟಿಲ್ಲ. "ಬೇಡಿ ಟೀಚರ್, ಮಂಡಿನೋವು ಬೇರೆ. ಅವರೇ ಬರ್ತಾರಂತೆ" ಎಂದೆ. ಟೀಚರ್ ತಲೆಯಾಡಿಸಿ ಗಂಟು ಬಿಗಿದರು. ಮನೆಗೆ ಹೋಗಿ ಮಗಳ ಕೋಣೆಗೆ ಸುಣ್ಣ ಹೊಡೆಸಿದರಂತೆ. ಆಮೇಲೆ ಗೊತ್ತಾಯಿತು.

ಹೋದ ವರ್ಷ ಯುಗಾದಿ ಕಳೆದ ವಾರ ಟೀಚರ್ ನಿದ್ದೆಯಲ್ಲೇ ಹೋದರು. ಗುಬ್ಬಿಯ ನೆಂಟರೊಬ್ಬರಿಂದ ಮಗಳಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣಾಗಿ ಮೂರು ದಿನವಾಗಿತ್ತು.

ಡಿಸೆಂಬರ್ ಬಂತು. ಮನಸ್ಸು ತಡೆಯದೆ ಟೀಚರ್ ಕೈಯಳತೆ ನೆನೆಸಿಕೊಂಡು ನಾನೇ ಮರ್ಜಿ ರೊಟ್ಟಿ ಮಾಡಿದೆ. ಅದು ಬೇಯುವಾಗಲೆಲ್ಲ ಬೆನ್ನ ಹಿಂದೆ ಕೊಡೆ ಕುಟ್ಟುವ ಸದ್ದು. ತಿರುಗಿದರೆ ಸ್ಟೂಲ್ ಖಾಲಿ. ಮಾರನೆಯ ಬೆಳಿಗ್ಗೆ ಒಬ್ಬ ಹೆಂಗಸು ರಸ್ತೆಯಾಚೆ ನಿಂತು ನಮ್ಮ ಬೋರ್ಡು ಓದುತ್ತಿರುವುದು ಕಾಣಿಸಿತು. ಹಣೆಯಲ್ಲಿ ಕುಂಕುಮ, ಕೈಯಲ್ಲಿ ಬ್ಯಾಗು, ಅದೇ ಕಿರಿದು ಮಾಡಿದ ಕಣ್ಣು.

"ನಾನು ಗೌರಿ ಅಂತ, ಕುಣಿಗಲ್ಲಿಂದ ಬಂದೆ" ಎಂದರು. "ರೋಸಮ್ಮ ಟೀಚರ್ ಮಗಳು. ಅಮ್ಮ ಇಲ್ಲೇ ರೊಟ್ಟಿ ಬೇಯಿಸ್ತಿದ್ರಲ್ಲ."

ಗೌರಿ. ಇಡೀ ಕುಣಿಗಲ್ಲಿಗೆ ಗೊತ್ತಿದ್ದ ಹೆಸರು, ಆ ಚೀಟಿಯಲ್ಲಿ ಮಾತ್ರ ಇರದಿದ್ದ ಹೆಸರು. ಒಂದು ರೊಟ್ಟಿ ತಂದು ಮುಂದಿಟ್ಟೆ. ಚಾಕು ಕೇಳಲಿಲ್ಲ, ಕೈಯಲ್ಲೇ ಮುರಿದರು. ಒಂದು ಚೂರು ಬಾಯಿಗಿಟ್ಟು ನಿಂತುಬಿಟ್ಟರು.

"ಸಿಪ್ಪೆ ಎಲ್ಲಿ? ಅಮ್ಮ ಸಿಪ್ಪೆ ಹಾಕದೆ ಮಾಡಿದ್ದೇ ಇಲ್ಲ. ನಂಗೆ ಆ ಕಹಿಯೇ ಇಷ್ಟ ಅಂತ ಒಂದು ಹಿಡಿ ಜಾಸ್ತಿನೇ ಹಾಕ್ತಿದ್ರು."

ಅವರು ಚೂರನ್ನು ತಿರುಗಿಸಿ ನೋಡುತ್ತಾ ಮೆಲ್ಲಗೆ ಹೇಳಿದರು. "ಹೋದ ಸಲ ಕ್ರಿಸ್‌ಮಸ್ ಟೈಮಲ್ಲಿ ನನ್ನ ಮಗಳು ಹಿಂಗೇ ಒಂದು ಚೂರು ತಂದಿದ್ಳು, ಬಸ್ ಸ್ಟ್ಯಾಂಡಲ್ಲಿ ಟೀ ಅಂಗಡಿ ಅಂಕಲ್ ಕೊಟ್ರು ಅಂತ. ಒಳಗೆ ಮರ್ಜಿ ಇತ್ತು. ಜೀವ ಬಾಯಿಗೆ ಬಂತು. ಮೂಸಿ ನೋಡ್ದೆ, ಸಿಪ್ಪೆ ವಾಸನೆ ಇರ್ಲಿಲ್ಲ. ಅಮ್ಮಂದಲ್ಲ ಬಿಡು, ಯಾವ್ದೋ ಬೇಕರೀದು ಅನ್ಕೊಂಡೆ. ಕಂಡೋರು ಕೊಟ್ಟಿದ್ದೆಲ್ಲಾ ತಿಂತೀಯಾ ಅಂತ ಮಗೀಗೆ ಬೈದೆ."

ಎಲ್ಲವನ್ನೂ ಹೇಳಿದೆ. ಒಂಬತ್ತು ರೊಟ್ಟಿ, ಚೀಟಿ, ಟೀ ಅಂಗಡಿ, ಸುಣ್ಣ ಹೊಡೆದ ಕೋಣೆ, ನಾನು ಹೇಳಿದ ಒಂದೊಂದು ಸುಳ್ಳು. ಅವರು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಸ್ಟೂಲ್ ಎಳೆದುಕೊಂಡು ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡು ತುಂಬಾ ಹೊತ್ತು ಅತ್ತರು. ಆಮೇಲೆ ಕೇಳಿದರು, "ಸಿಪ್ಪೆ ಹಾಕಿ ಇನ್ನೊಂದು ಮಾಡ್ತೀರಾ?"

ಓಡಿಹೋಗಿ ಕಿತ್ತಳೆ ತಂದೆ. ಸಿಪ್ಪೆ ಪಾಕದಲ್ಲಿ ಬೆಂದು, ಹಿಟ್ಟು ಉಬ್ಬಿ, ರೊಟ್ಟಿ ಬೆಂದು ಹೊರಬರುವಷ್ಟರಲ್ಲಿ ಸಂಜೆ ನಾಲ್ಕಾಯಿತು. ಅವರು ಎದ್ದುಹೋಗಲಿಲ್ಲ. ಸುಡುತ್ತಿದ್ದುದನ್ನೇ ಮುರಿದು ತಿಂದರು, ಉಳಿದದ್ದನ್ನು ಬಟ್ಟೆಯಲ್ಲಿ ಸುತ್ತಿ ಎದೆಗವುಚಿಕೊಂಡು ಕುಣಿಗಲ್ ಬಸ್ ಹಿಡಿಯಲು ಹೊರಟರು.

ನಾನು ಒಳಗೆ ಬಂದು ಟ್ರೇ ಒರೆಸುತ್ತಿದ್ದೆ. ಬೇಕರಿಯ ತುಂಬ ಕಿತ್ತಳೆ ಸಿಪ್ಪೆಯ ವಾಸನೆ. ಹಿಂದಿನಿಂದ ಟಕ್ ಟಕ್ ಎಂದಿತು.

"ಏನಂದ್ಳೋ?"

ಈ ಸಲ ತಿರುಗಿ ನೋಡಲಿಲ್ಲ. "ಕಹಿ ಇರ್ಬೇಕು ಅಂದ್ರು ಟೀಚರ್" ಎಂದು ಗಟ್ಟಿಯಾಗಿ ಹೇಳಿದೆ. ಮತ್ತೇನೂ ಕೇಳಿಸಲಿಲ್ಲ.