ತಯಾರಿಸಿದವರು, ಪರಿಶೀಲಿಸಿದವರು

ಮೊನ್ನೆ ನಮ್ಮ ಬೀದಿಯ ತುದಿಯ ಅಂಗಡಿಗೆ ಪೆನ್ನಿನ ರೀಫಿಲ್ ತರಲು ಹೋದವನು ಸುಮ್ಮನೆ ನಿಂತುಬಿಟ್ಟೆ. ಅಂಗಡಿಯವನು ಹೊಸ ಬಾಕ್ಸ್ ಫೈಲುಗಳ ಕಟ್ಟು ಬಿಚ್ಚುತ್ತಿದ್ದ. ಪ್ಲಾಸ್ಟಿಕ್ಕು, ಗೋಂದು, ರಟ್ಟು ಸೇರಿದ ಆ ವಾಸನೆ ನಿಮಗೂ ಗೊತ್ತಿರಬಹುದು. ಕೆಲವರಿಗೆ ಅದರಿಂದ ಶಾಲೆ ಶುರುವಾಗುವ ಜೂನ್ ತಿಂಗಳು ನೆನಪಾಗುತ್ತದಂತೆ. ನನಗೆ ಸೊಂಟ ನೋಯುತ್ತದೆ, ಕಣ್ಣು ಎಳೆಯುತ್ತದೆ, ಎಲ್ಲಾದರೂ ಸ್ವಲ್ಪ ಕುಳಿತುಕೊಳ್ಳೋಣ ಅನಿಸುತ್ತದೆ. ಯಾಕೆಂದು ಹೇಳುತ್ತೇನೆ, ನಿಮಗೆ ಅವಸರವಿಲ್ಲದಿದ್ದರೆ.

ಆಗ ದೋಹಾದ ಅಲ್ ಹಿಲಾಲ್‌ನಲ್ಲಿ ನಮ್ಮ ಬಾಡಿಗೆ ಮನೆ. ಒಂದು ಶುಕ್ರವಾರ ಊಟದ ಮೇಜಿನ ಸುತ್ತ ಮೂವರಿದ್ದೆವು: ನಾನು, ನನ್ನ ಹೆಂಡತಿ ಸುಮತಿ, ಕೆಳಗಿನ ಮನೆಯ ಸುಂದರಣ್ಣ. ಮೇಜಿನ ಮೇಲೆ ನನ್ನ ಎಂಟು ವರ್ಷಗಳು ಹರಡಿಕೊಂಡಿದ್ದವು. ಪಾಠದ ಟಿಪ್ಪಣಿಗಳು, ಪ್ರಶ್ನೆಪತ್ರಿಕೆಗಳು, ಯಾವ್ಯಾವುದೋ ಕಾರ್ಯಾಗಾರದಲ್ಲಿ ತೂಕಡಿಸಿದ್ದಕ್ಕೆ ಕೊಟ್ಟ ಪ್ರಮಾಣಪತ್ರಗಳು. ಎಂಟು ವರ್ಷವೆಂದರೆ ಎಷ್ಟೊಂದು ಇರುತ್ತದೆ ಅಂದುಕೊಂಡಿದ್ದೆ. ಮೇಜಿನ ಒಂದು ಮೂಲೆ ಖಾಲಿಯೇ ಉಳಿದಿತ್ತು.

ನಾನು ಅಲ್ಲಿಯ ವಿಶ್ವವಿದ್ಯಾಲಯವೊಂದರಲ್ಲಿ ಮೊದಲ ವರ್ಷದ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದ ಲೆಕ್ಚರರ್. ನನ್ನ ನಂತರ ಬಂದ ಇಬ್ಬರು ಆಗಲೇ ಅಸಿಸ್ಟೆಂಟ್ ಪ್ರೊಫೆಸರ್ ಆಗಿದ್ದರು. ಕಾರಿಡಾರಿನಲ್ಲಿ ಸಿಕ್ಕರೆ, ಜ್ವರದಿಂದ ಎದ್ದವರನ್ನು ಕೇಳುವ ಹಾಗೆ "ಹೇಗಿದ್ದೀರಿ ಸರ್?" ಎನ್ನುತ್ತಿದ್ದರು. ಸಂಶೋಧನೆ ಕಡಿಮೆಯಿದ್ದರೂ ಒಳ್ಳೆಯ ಬೋಧನಾ ಸಾಮಗ್ರಿ ಮಾಡಿದವರಿಗೆ ಬಡ್ತಿ ಕೊಡುವ ನಿಯಮವೊಂದಿತ್ತು. ಅದಕ್ಕೆ ಅದೇ ಕೊನೆಯ ವರ್ಷ. ಆ ಬಸ್ಸು ತಪ್ಪಿದರೆ ಮುಂದಿನ ಬಸ್ಸೇ ಇಲ್ಲ. ಆಮೇಲೆ ಇದ್ದಷ್ಟು ದಿನವೂ ಲೆಕ್ಚರರ್, ವರ್ಷ ವರ್ಷವೂ ಕರಾರು ಮುಂದುವರಿಯುತ್ತದೋ ಇಲ್ಲವೋ ಎಂದು ಮೇ ತಿಂಗಳಲ್ಲಿ ಎದೆ ಹಿಡಿದುಕೊಳ್ಳುವುದು.

ಬಡ್ತಿ ಬೇಕಾದವರು ಒಂದು ಫೈಲು ಕೊಡಬೇಕು. ನಾನು ಏನು ಮಾಡಿದೆ, ಎಷ್ಟು ಚೆನ್ನಾಗಿ ಮಾಡಿದೆ, ಅದಕ್ಕೆ ಸಾಕ್ಷಿ ಎಲ್ಲಿ. ಯಾರಾದರೂ ತಮ್ಮನ್ನು ತಾವೇ ಹೊಗಳಿಕೊಂಡರೆ ನಮ್ಮ ದೊಡ್ಡಪ್ಪ, "ಅವನ ಮನೆಯಲ್ಲಿ ಬೇರೆ ಯಾರೂ ಇಲ್ಲವೇನೋ, ಪಾಪ" ಎನ್ನುತ್ತಿದ್ದರು. ಅವರ ತೊಡೆಯ ಮೇಲೆ ಮಾತು ಕಲಿತ ನನಗೆ 'ನನ್ನ ಬೋಧನಾ ತತ್ತ್ವ' ಎಂದು ನಾಲ್ಕು ಪುಟ ಬರೆಯಲು ಮೂರು ವಾರ ಹಿಡಿಯಿತು. ಬರೆದದ್ದನ್ನು ಸುಮತಿ ನಿಂತೇ ಓದಿದಳು.

"ಯಾರಿದು? ಒಳ್ಳೆ ಜನ ಕಾಣ್ತಾರೆ" ಎಂದಳು.

ಸುಂದರಣ್ಣ ಕಾಪುವಿನ ಕಡೆಯವರು. ಮನೆಯಲ್ಲಿ ತುಳು, ನಮ್ಮೊಡನೆ ಕನ್ನಡ. ವೆಸ್ಟ್ ಬೇಯಲ್ಲಿ ಏಳುತ್ತಿದ್ದ ಒಂದು ಗೋಪುರದ ಸೈಟ್ ಆಫೀಸಿನಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಎಂದರೆ, ಕಟ್ಟಡದ ಪ್ರತಿ ನಕ್ಷೆ, ಪ್ರತಿ ಕಾಗದ ಅವರ ಕೈ ದಾಟಿಯೇ ಹೋಗಬೇಕು, ಅವರ ಕೈ ದಾಟಿಯೇ ಬರಬೇಕು. ಇಟ್ಟಿಗೆಯಿಲ್ಲದೆ ಗೋಪುರ ಎದ್ದೀತು, ಕಾಗದವಿಲ್ಲದೆ ಏಳದು ಎಂಬುದು ಅವರ ನಂಬಿಕೆ. ನನ್ನ ಫೈಲಿನ ಕಥೆ ಕೇಳಿದ್ದೇ, ಆಫೀಸಿನ ದೊಡ್ಡ ಪಂಚಿಂಗ್ ಮೆಷಿನ್ ಹೊತ್ತು ಮೆಟ್ಟಿಲು ಹತ್ತಿ ಬಂದರು.

"ಎಂತ ಮಾಷ್ಟ್ರೇ ಇದು, ಫೈಲಾ, ಬೈಹುಲ್ಲಿನ ಕಟ್ಟಾ?"

ಸುಮತಿ ತಟ್ಟೆ ಹಿಡಿದು ಬಂದಳು. "ಸುಂದರಣ್ಣ, ಗೋಳಿಬಜೆ ಆರ್ತದೆ."

"ಎಣ್ಣೆ ಕೈ ಕಾಗದಕ್ಕೆ ತಾಗಿದ್ರೆ ಖಲಾಸ್, ಸುಮತಿಯಕ್ಕ. ಅತ್ಲಾಗಿ ಇಡಿ. ಅಲ್ಲ, ಅಷ್ಟು ದೂರ ಬೇಡ."

ಅವರದೊಂದು ಪದ್ಧತಿಯಿತ್ತು. ಪ್ರತಿ ದಾಖಲೆಯ ಮೇಲೂ ಒಂದು ಚೀಟಿ, ಚೀಟಿಯಲ್ಲಿ ಮೂರು ಚೌಕ: ತಯಾರಿಸಿದವರು, ಪರಿಶೀಲಿಸಿದವರು, ಒಪ್ಪಿದವರು. ವಿಶ್ವವಿದ್ಯಾಲಯ ಅದನ್ನು ಕೇಳಿಲ್ಲ ಎಂದು ನಾನು ಹೇಳಿದೆ. "ಕೇಳುದಿಲ್ಲ ಅವರು. ಆದ್ರೆ ಇಲ್ಲದ್ದು ಕಣ್ಣಿಗೆ ಹೊಡೀತದೆ" ಎಂದು ಬರೆಯತೊಡಗಿದರು. ವಿದ್ಯಾರ್ಥಿಗಳ ಅಭಿಪ್ರಾಯಪತ್ರ ಬಂತು. ಸರ್ ಒಳ್ಳೆಯವರು, ಆದರೆ ತುಂಬ ವೇಗವಾಗಿ ಮಾತಾಡುತ್ತಾರೆ ಎಂದು ಒಬ್ಬ ಬರೆದಿದ್ದ. ಅದನ್ನು ಯಾರು ಪರಿಶೀಲಿಸಿದ್ದೆಂದು ಸುಂದರಣ್ಣ ಕೇಳಿದರು. ಸುಮತಿ ಅಡುಗೆಮನೆಯಿಂದಲೇ, "ನಾನು. ಒಪ್ಪಿದ್ದೂ ನಾನೇ" ಎಂದಳು.

ಹೀಗೆ ನಗುತ್ತ ನಗುತ್ತ ಆ ಪುಸ್ತಕದ ಹತ್ತಿರ ಬಂದೆವು.

ಫೈಲಿಗೆ ತೂಕವಿದ್ದದ್ದು ಅದೊಂದರಿಂದಲೇ. ಸುರುಳಿ ತಂತಿ ಹಾಕಿದ ಲೆಕ್ಕದ ಪುಸ್ತಕ. ಹೊರದೇಶದ ಪಠ್ಯಪುಸ್ತಕಗಳ ತುಂಬ ರೈಲುಗಳು, ಸೇಬಿನ ತೋಟಗಳು, ಕರಗುವ ಹಿಮ. ಅಲ್ಲಿಯ ನಮ್ಮ ಹುಡುಗರು ರೈಲನ್ನು ಕಂಡವರಲ್ಲ. ಈ ಪುಸ್ತಕದಲ್ಲಿ ನೀರಿನ ಟ್ಯಾಂಕರ್ ಇತ್ತು, ಖರ್ಜೂರ ಹಂಚಿಕೊಳ್ಳುವ ದಾಯಾದಿಗಳಿದ್ದರು, ಮರಳಿನಲ್ಲಿ ಹೂತ ಲ್ಯಾಂಡ್ ಕ್ರೂಸರ್ ಇತ್ತು. ಮಕ್ಕಳು ನಗುತ್ತ ಲೆಕ್ಕ ಮಾಡುತ್ತಿದ್ದರು. ಮುಖಪುಟದಲ್ಲಿ ವಿಭಾಗದ ಹೆಸರಷ್ಟೇ, ಮಾಡಿದವರ ಹೆಸರಿರಲಿಲ್ಲ.

"ತಯಾರಿಸಿದವರು?"

"ನಾನೇ" ಎಂದೆ.

ಸುಂದರಣ್ಣ ಬರೆದರು. "ಪರಿಶೀಲಿಸಿದವರು?"

"ಅದೂ ನಾನೇ."

ಪೆನ್ನು ನಿಂತಿತು. "ಅದು ಆಗುದಿಲ್ಲ ಮಾಷ್ಟ್ರೇ. ಮಾಡಿದವನೇ ಚೆಕ್ ಮಾಡಿದ್ರೆ ನಮ್ಮ ಕನ್ಸಲ್ಟೆಂಟ್ ಕಾಗದವನ್ನು ಮುಖಕ್ಕೆ ಬಿಸಾಡ್ತಾನೆ. ಇನ್ನೊಂದು ಹೆಸ್ರು ಬೇಕು. ಬೇರೆ ಯಾರೂ ಕೈ ಹಾಕ್ಲಿಲ್ವಾ ಇದಕ್ಕೆ?"

"ಒಬ್ಬರಿದ್ದರು. ಈಗ ಊರಿಗೆ ಹೋಗಿದ್ದಾರೆ."

"ಹೋದ್ರೆ ಎಂತ? ಕೆಲಸ ಮಾಡುವಾಗ ಇದ್ರಲ್ಲ. ಹೆಸ್ರು ಹೇಳಿ."

"ಅಮಾನಿ" ಎಂದೆ.

ಎರಡನೆಯ ಚೌಕದಲ್ಲಿ ಅಮಾನಿ ಎಂದು ದುಂಡಗೆ ಬರೆದು, ಚೀಟಿ ಅಂಟಿಸಿ, ಮೆಷಿನ್ನನ್ನು ಅಂಗೈಯಿಂದ ಒತ್ತಿದರು. ತೂತು ಬಿತ್ತು.

ಚೀಟಿಯಲ್ಲಿದ್ದ ಹೆಸರುಗಳೆರಡೂ ಸರಿಯಾದವೇ. ಚೌಕ ಮಾತ್ರ ಅದಲುಬದಲಾಗಿತ್ತು. ಅಮಾನಿ ಸುಡಾನಿನವರು, ಹೆಣ್ಣುಮಕ್ಕಳ ವಿಭಾಗದಲ್ಲಿ ಪಾಠ ಮಾಡುತ್ತಿದ್ದವರು. ಆ ಪುಸ್ತಕದ ಲೆಕ್ಕಗಳನ್ನೆಲ್ಲ ಹೊಸೆದದ್ದು ಅವರು. ಕಂದು ಲಕೋಟೆಯಲ್ಲಿ ವಾರಕ್ಕೊಂದು ಅಧ್ಯಾಯ ಬರುತ್ತಿತ್ತು. ನಾನು ಉತ್ತರ ಸರಿಯಿದೆಯೇ ನೋಡಿ, ಟೈಪು ಮಾಡಿಸಿ, ಕ್ರಮ ಹಾಕುತ್ತಿದ್ದೆ. ಅವರ ಗಂಡನ ಕೆಲಸ ಮುಗಿದದ್ದರಿಂದ ನಡುವರ್ಷದಲ್ಲೇ ಖಾರ್ಟೂಮಿಗೆ ಹೊರಟುಹೋದರು. ನಿಯಮದ ಪ್ರಕಾರ ಸಾಮಗ್ರಿಯನ್ನು ಮುಖ್ಯವಾಗಿ ತಯಾರಿಸಿದವನಿಗೆ ಮಾತ್ರ ಅಂಕ, ನೋಡಿಕೊಟ್ಟವನಿಗೆ ಧನ್ಯವಾದ. ಹಾಗಾಗಿ ನಾನು ಬಾಯಿ ಮುಚ್ಚಿ ಕುಳಿತೆ. ಗೋಳಿಬಜೆ ತಿಂದೆ. ಇದನ್ನು ನಿಮ್ಮಲ್ಲಿ ಬಚ್ಚಿಡುವುದಿಲ್ಲ: ರುಚಿಯಾಗಿಯೇ ಇತ್ತು.

ಹೊರಡುವಾಗ ಸುಂದರಣ್ಣ ಒಂದು ಮಾತು ಹೇಳಿ ಹೋದರು. "ಪುಸ್ತಕಕ್ಕೆ ಕರಡು ಉಂಟಾ? ಉಂಟಾದ್ರೆ ಹಿಂದೆ ನಾಲ್ಕು ಹಾಳೆ ಸೇರಿಸಿ. ಸಾಕ್ಷಿ ಗಟ್ಟಿ ಆಗ್ತದೆ."

ಮರುದಿನ ಕಪಾಟಿನಿಂದ ಲಕೋಟೆಗಳನ್ನು ತೆಗೆದೆ. ನನ್ನ ಕೈಬರಹ ಹೆಚ್ಚಿರುವ ಹಾಳೆ ಹುಡುಕುವುದು ನನ್ನ ಉದ್ದೇಶ. ಪ್ರತಿ ಹಾಳೆಯೂ ಅಮಾನಿಯ ಹಸಿರು ಶಾಯಿ. ನನ್ನದು ಅಂಚಿನಲ್ಲಿ ಪೆನ್ಸಿಲ್ ಗೀಟು. ಒಂದು ಹಾಳೆಯಲ್ಲಿ ದೋಣಿಯ ಲೆಕ್ಕವಿತ್ತು. ಎರಡು ನದಿ ಕೂಡುವ ಊರು. ಒಂದರ ಸೆಳೆತ ಜೋರು, ಇನ್ನೊಂದರದು ನಿಧಾನ. ಅಪ್ಪ ಆಚೆ ದಡದಿಂದ ದೋಣಿಯಲ್ಲಿ ಹೊರಟಿದ್ದಾನೆ. ಈಚೆ ದಡದ ಮಗಳು ಚಹಾಕ್ಕೆ ನೀರು ಎಷ್ಟು ಹೊತ್ತಿಗೆ ಇಡಬೇಕು?

ಪಕ್ಕದಲ್ಲಿ ನಾನು ಬರೆದಿದ್ದೆ: "ಉತ್ತರ ಮೂರು ನಿಮಿಷ ಹೆಚ್ಚಾಗಿದೆ."

ಅದರ ಕೆಳಗೆ ಹಸಿರು ಶಾಯಿಯಲ್ಲಿ ಅವರ ಉತ್ತರ: "ಅಪ್ಪನಿಗೆ ದೋಣಿ ಕಟ್ಟಲು ಮೂರು ನಿಮಿಷ ಬೇಕು, ಸರ್."

ಆ ಮೂರು ನಿಮಿಷವನ್ನು ನಾನು ಹೊಡೆದುಹಾಕಿದ್ದೆ. ಪ್ರಶ್ನೆಯಲ್ಲಿ ಹೇಳದ್ದು ಉತ್ತರದಲ್ಲಿ ಬರಬಾರದಲ್ಲ. ಪರಿಶೀಲಿಸುವವನ ಕೆಲಸವೇ ಅದು. ಹಾಳೆ ಹಿಡಿದುಕೊಂಡು ನೆಲದ ಮೇಲೆ ಎಷ್ಟೋ ಹೊತ್ತು ಕುಳಿತಿದ್ದೆ. ದೊಡ್ಡ ಧರ್ಮಸಂಕಟವೇನೂ ಅಲ್ಲ. ದಣಿವಾಗಿತ್ತು, ಅಷ್ಟೆ. ಎಂಟು ವರ್ಷ ದುಡಿದ ದಣಿವಿನ ಮೇಲೆ, ಇನ್ನು ಮುಂದೆ ಪ್ರತಿ ವರ್ಷ ಆ ದೋಣಿಯ ಲೆಕ್ಕವನ್ನು ಬೋರ್ಡಿನ ಮೇಲೆ ನನ್ನದೆಂದು ಬರೆಯಬೇಕಲ್ಲ ಎಂಬ ದಣಿವು.

ಸುಮತಿಗೆ ಎಲ್ಲ ಹೇಳಿದೆ. ಬಟ್ಟೆ ಮಡಚುತ್ತಿದ್ದವಳು ತಲೆಯೆತ್ತಲಿಲ್ಲ.

"ನನ್ನತ್ರ ಕೇಳ್ಬೇಡಿ. ಕೇಳಿದ್ರೆ ಬಾಯಿ ಮುಚ್ಚಿ ಇರಿ ಅಂತಲೇ ಹೇಳ್ತೇನೆ. ಈ ಮೇ ತಿಂಗಳ ಹೆದರಿಕೆ ನನಗೂ ಸಾಕಾಗಿದೆ." ಇನ್ನೆರಡು ಅಂಗಿ ಮಡಚಿದ ಮೇಲೆ, "ಸುಂದರಣ್ಣ ಕೆಳಗೆ ಇದ್ದಾರೆ. ಕಾರು ಬಂದದ್ದು ಕೇಳ್ತು" ಎಂದಳು.

ಫೈಲು, ಆ ಹಾಳೆ ಎರಡನ್ನೂ ಹಿಡಿದು ಕೆಳಗಿಳಿದೆ. ಸುಂದರಣ್ಣ ಬನಿಯನ್ನಿನಲ್ಲೇ ಬಾಗಿಲು ತೆರೆದರು. ಚೌಕ ಅದಲುಬದಲಾಗಿದೆ ಎಂದೆ. ಅವರ ಮುಖದಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

"ಆಗ್ತದೆ. ನಮ್ಮಲ್ಲಿ ದಿನಾ ಆಗ್ತದೆ. ಸರಿ ಮಾಡಿದ್ರೆ ನಿಮಗೆ ನಷ್ಟ ಉಂಟಾ?"

"ಉಂಟು."

"ತುಂಬಾ?"

"ಇರುವುದೇ ಅದೊಂದು."

ಅವರು ಕನ್ನಡಕ ಒರೆಸಿದರು. "ಹಾಗಾದ್ರೆ ಸ್ವಲ್ಪ ಯೋಚನೆ ಮಾಡಿ ಮಾರಾಯ್ರೆ. ಅವಸರ ಎಂತ?"

"ನಾಳೆ ಕೊನೆಯ ದಿನ."

"ಯಲ್ಲಾ, ನಡೀರಿ, ಹಾಗಾದ್ರೆ ಈಗ್ಲೇ" ಎಂದು ಹೊಸ ಚೀಟಿ ತೆಗೆದರು. ತಯಾರಿಸಿದವರು: ಅಮಾನಿ. ಪರಿಶೀಲಿಸಿದವರು: ನಾನು. ಹಳೆಯ ಚೀಟಿ ಹರಿಯದಂತೆ ಬಿಡಿಸಿ, ಹಸಿರು ಶಾಯಿಯ ಆ ಹಾಳೆಯನ್ನು ಹಿಂದೆ ಸೇರಿಸಿದರು. ಫೈಲು ಅಚ್ಚುಕಟ್ಟಾಗಿತ್ತು. ಅಷ್ಟು ಅಂದವಾದ ಫೈಲನ್ನು ನಮ್ಮ ವಿಭಾಗ ಕಂಡಿರಲಾರದು.

ಎರಡು ತಿಂಗಳಾದ ಮೇಲೆ ಎರಡು ಸಾಲಿನ ಪತ್ರ ಬಂತು. ಸಲ್ಲಿಸಿದ ಸಾಮಗ್ರಿ ಮುಖ್ಯವಾಗಿ ಅಭ್ಯರ್ಥಿಯದಲ್ಲವಾದ್ದರಿಂದ ಪರಿಗಣಿಸಲಾಗದು. ಸುಮತಿ ಓದಿ ಫ್ರಿಜ್ಜಿನ ಮೇಲಿಟ್ಟಳು. ಸುಂದರಣ್ಣ ಮಾತ್ರ ನನಗಿಂತ ಹೆಚ್ಚು ನೊಂದುಕೊಂಡರು. "ಫೈಲಿನಲ್ಲಿ ತಪ್ಪು ಎಂತದೂ ಇಲ್ಲ ಅಂತ ಆದ್ರೂ ಬರೀಬಹುದಿತ್ತು" ಎಂದರು. ನಾನು ಅಲ್ಲಿಂದ ಹೊರಡುವವರೆಗೂ ಲೆಕ್ಚರರ್ ಆಗಿಯೇ ಇದ್ದೆ. ಪ್ರತಿ ಮೇ ತಿಂಗಳೂ ಹೇಗೋ ದಾಟಿತು.

ಆ ಪತ್ರ ಬಂದ ಮರುವರ್ಷ ಒಂದು ಮಧ್ಯಾಹ್ನ ವಿಭಾಗದ ಕಾರ್ಯದರ್ಶಿ ಲೋರ್ನಾ ನನ್ನನ್ನು ಕಾರಿಡಾರಿನಲ್ಲಿ ತಡೆದಳು. ಫಿಲಿಪ್ಪೀನ್ಸಿನ ಹುಡುಗಿ, ಸುಮ್ಮನೆ ಮಾತಾಡಿಸುವವಳಲ್ಲ. ಬೆಳಿಗ್ಗೆ ಖಾರ್ಟೂಮಿನ ಕಾಲೇಜೊಂದರಿಂದ ಫೋನ್ ಬಂದಿತ್ತಂತೆ. ಕೆಲಸಕ್ಕೆ ಅರ್ಜಿ ಹಾಕಿದ ಒಬ್ಬ ಟೀಚರು, ದೋಹಾದಲ್ಲಿ ಗಣಿತದ ಪುಸ್ತಕ ಮಾಡಿದ್ದೇನೆ ಎನ್ನುತ್ತಿದ್ದಾರೆ, ಕೈಯಲ್ಲಿರುವ ಪ್ರತಿಯಲ್ಲಿ ಹೆಸರಿಲ್ಲ, ಇದು ನಿಜವೇ ಎಂದು ಕೇಳಿದರಂತೆ. ಲೋರ್ನಾ ಬಂದದ್ದೇ ಅಮಾನಿ ಹೋದ ಮೇಲೆ, ಅವಳಿಗೇನೂ ಗೊತ್ತಿರಲಿಲ್ಲ. ವಾಪಸು ಒಯ್ಯದೆ ನಾನು ಬಿಟ್ಟಿದ್ದ ಫೈಲು ಅವಳ ಕುರ್ಚಿಯ ಹಿಂದಿನ ಕಪಾಟಿನಲ್ಲಿತ್ತು. ಅದರಲ್ಲೊಂದು ಗಣಿತದ ಪುಸ್ತಕವಿದ್ದದ್ದು ನೆನಪಾಗಿ ತೆಗೆದು, ಪುಸ್ತಕದ ಮೇಲಿನ ಚೀಟಿಯನ್ನು ಫೋನಿನಲ್ಲಿ ಓದಿ ಹೇಳಿದಳಂತೆ.

"ನಿಮ್ಮನ್ನು ಕೇಳದೆ ಓದಿದೆ. ತಪ್ಪಾಯಿತೇ ಸರ್?"

"ಇಲ್ಲ" ಎಂದೆ.

"ಆ ಫೈಲು ಮನೆಗೆ ಒಯ್ಯುತ್ತೀರಾ? ಕಪಾಟಿನಲ್ಲಿ ಜಾಗವಿಲ್ಲ."

ಖಾರ್ಟೂಮಿನವರು ಮತ್ತೊಮ್ಮೆ ಫೋನ್ ಮಾಡಿದರೂ ಮಾಡಬಹುದು, ಸದ್ಯಕ್ಕೆ ಅಲ್ಲೇ ಇರಲಿ ಎಂದು ಹೇಳಿ ತರಗತಿಗೆ ಹೋದೆ.