ಗಂಟಲು ನೋಡದೆ ಬರೆದ ಚೀಟಿ

ಮಗಳು ಜಲಜೆ ಗಂಜಿಯ ಬಟ್ಟಲನ್ನು ದೂರ ತಳ್ಳಿದಳು. ನುಂಗಲು ಆಗುವುದಿಲ್ಲ ಎಂದಳು. ಮೈ ಸುಡುತ್ತಿತ್ತು.

ಕಿರಿಮಂಜೇಶ್ವರದ ನಮ್ಮ ಮನೆಯಿಂದ ಅವಳನ್ನು ಎತ್ತಿಕೊಂಡು ಡಿಸ್ಪೆನ್ಸರಿಗೆ ಹೋದೆ. ಡಾಕ್ಟರು ತಲೆ ಎತ್ತಲಿಲ್ಲ. ಜ್ವರವೇ, ಕೆಮ್ಮೇ ಎಂದು ಕೇಳಿ ಚೀಟಿಯಲ್ಲಿ ‘ಶೀತ’ ಎಂದು ಬರೆದು ಮಿಕ್ಸ್‌ಚರ್ ಕೊಡಿಸಿದರು. ಮತ್ತೆ ಹೋದಾಗ ಅವಳ ಕುತ್ತಿಗೆ ಊದಿತ್ತು, ಮಾತು ಮೂಗಿನಿಂದ ಬರುತ್ತಿತ್ತು.

“ಒಂದ್ ಸಲ ಬಾಯಿ ಬಿಡ್ಸಿ ಕಾಣಿ, ಡಾಕ್ಟ್ರೆ,” ಎಂದೆ.

ಅವರು ಕಂಡದ್ದು ಹಳೆಯ ಚೀಟಿಯನ್ನು. ‘ಶೀತ’ದ ಕೆಳಗೆ ‘ಅದೇ’ ಎಂದು ಬರೆದರು.

ಮರುದಿನ ಬಸ್ಸು ಹತ್ತಿ ಕುಂದಾಪುರದ ಆಸ್ಪತ್ರೆಗೆ ಹೋದೆ. ಬಾಗಿಲಲ್ಲಿದ್ದ ನರ್ಸ್ ಚೀಟಿ ಓದಿ, “ಶೀತ ಅಲ್ದಾ, ಅಲ್ಲ್ ಕೂಕಣಿ,” ಎಂದಳು. ಕೂತೆ. ಜಲಜೆ ಉಸಿರೆಳೆದರೆ ಗರಗಸದ ಸದ್ದು. ಎದೆಗುಂಡಿಯ ಚರ್ಮ ಒಳಕ್ಕೆ ಸೆಳೆಯುತ್ತಿತ್ತು. ನಾನು ಎದ್ದು ಎಲ್ಲರನ್ನೂ ದಾಟಿ ಒಳಗೆ ನುಗ್ಗಿದೆ.

ಲೇಡಿ ಡಾಕ್ಟರು ನಾಲಿಗೆ ಒತ್ತಿ ಟಾರ್ಚ್ ಬಿಟ್ಟರು.

“ಡಿಫ್ತೀರಿಯಾ.”

ನನಗೆ ತಿಳಿಯಲಿಲ್ಲ. “ಗಂಟ್ಲ್‌ಮಾರಿ, ಅಮ್ಮ,” ಎಂದಳು ನರ್ಸ್, ಈಗ ಮೆಲ್ಲಗೆ.

ಗಂಟಲಿಗೆ ಬೂದು ಬಣ್ಣದ ಪೊರೆ ಕಟ್ಟಿದೆ, ಇಷ್ಟು ತಡ ಯಾಕೆ ಮಾಡಿದಿರಿ ಎಂದು ಡಾಕ್ಟರು ಗದರಿದರು. ಚೀಟಿಯನ್ನು ಅವರ ಮುಂದೆ ಹಿಡಿದೆ. ಓದಿದರು. ಮತ್ತೆ ಗದರಲಿಲ್ಲ.

ಸೀರಂ ಇಂಜೆಕ್ಷನ್ ಕೊಟ್ಟು ಬೇರೆ ಕೋಣೆಯಲ್ಲಿ ಮಲಗಿಸಿದರು. ಅಲ್ಲಿ ಕೂತಿದ್ದಾಗ ನೆರೆಮನೆಯ ಗಿರಿಜಕ್ಕನ ಮಗ ನೆನಪಾದ. ಕೆಲವೇ ದಿನಗಳ ಹಿಂದೆ ಹೀಗೇ ಕುತ್ತಿಗೆ ಊದಿ ಉಸಿರು ಕಟ್ಟಿ ತೀರಿಕೊಂಡಿದ್ದ, ಜಲಜೆ ಅವನ ಜೊತೆಯಲ್ಲೇ ಆಡುತ್ತಿದ್ದವಳು. ಅವನ ಚೀಟಿಯಲ್ಲಿಯೂ ಡಿಸ್ಪೆನ್ಸರಿಯ ಅದೇ ಡಾಕ್ಟರು ‘ಶೀತ’ ಎಂದೇ ಬರೆದಿದ್ದರು, ಸರಿಯಾಗಿ ಬರೆದಿದ್ದರೆ ಊರಿಗೆ ಊರೇ ಎಚ್ಚರವಾಗುತ್ತಿತ್ತು, ನನ್ನ ಮಗಳು ಈ ಮಂಚದ ಮೇಲೆ ಮಲಗಬೇಕಾಗಿರಲಿಲ್ಲ.

ಅಳು ಬರಲಿಲ್ಲ. ಸಿಟ್ಟು ಬಂತು.

ಜಲಜೆ ಉಳಿದಳು. ಮನೆಗೆ ಬಂದ ಮೇಲೆ ನಾನೊಬ್ಬಳೇ ಡಿಸ್ಪೆನ್ಸರಿಗೆ ಹೋಗಿ, ಗಿರಿಜಕ್ಕನ ಮಗನ ಕಾಯಿಲೆಯನ್ನು ಸರಿಮಾಡಿ ಬರೆಯಿರಿ ಎಂದೆ.

“ಸತ್ತ ಮಗುವಿನ ಗಂಟಲನ್ನು ಈಗ ನೋಡಲಿಕ್ಕಾಗುತ್ತದೆಯೇ?” ಎಂದರು ಡಾಕ್ಟರು.

“ಜೀವ ಇಪ್ಪ ಹೊತ್ತಿಗೆ ಕಾಂಬುಕೆ ನಿಮ್ಗೆ ಎಂತ ಆಯಿತ್ತ್?”

ಅವರು ಮುಂದಿನವರನ್ನು ಕರೆದರು. ಏನನ್ನೂ ತಿದ್ದಲಿಲ್ಲ.

ಜಲಜೆಯ ದನಿ ಇನ್ನೂ ಒಡೆದೇ ಇದೆ. ನೀರು ಕುಡಿದರೆ ಒಮ್ಮೊಮ್ಮೆ ಮೂಗಿನಿಂದ ಬರುತ್ತದೆ, ಅದೂ ಸರಿಹೋಗುತ್ತದಂತೆ. ಉಳಿಸಿಕೊಟ್ಟ ಆ ಲೇಡಿ ಡಾಕ್ಟರಿಗೆ ದಿನವೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಸಿಟ್ಟು ಮಾತ್ರ ಇಳಿದಿಲ್ಲ, ಇಳಿಯಲಿ ಎಂದು ನಾನು ಬೇಡಿಕೊಂಡೂ ಇಲ್ಲ.

ಆ ಲೇಡಿ ಡಾಕ್ಟರೇ ಮೇಲಿನವರಿಗೆ ಬರೆದಿದ್ದರಿಂದ ಮೊನ್ನೆ ನಮ್ಮೂರ ಶಾಲೆಗೆ ಗಂಟಲುಮಾರಿ ಬಾರದಂತೆ ಇಂಜೆಕ್ಷನ್ ಕೊಡುವವರು ಬಂದರು. ಗಿರಿಜಕ್ಕ ಕಿರಿಯ ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಎಲ್ಲರಿಗಿಂತ ಮೊದಲು ನಿಂತಿದ್ದಳು. ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಬಂದಿತ್ತೇ ಎಂದು ಅವರು ಕೇಳಿದರು.

“ನನ್ ಮಗಂಗೆ ಬಂದಿತ್ತ್,” ಎಂದಳು. “ಗಂಟ್ಲ್‌ಮಾರಿ. ಬರ್ಕಣಿ.”

ಅವರು ಬರೆದುಕೊಳ್ಳುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ.