ದೇಷ್ಯವೋ ದ್ವೇಷವೋ

ನನಗೆ ಸಿಟ್ಟು ಬಂದರೆ ಮೊದಲು ಗೊತ್ತಾಗುವುದು ನಮ್ಮ ಮನೆಯ ಹಿತ್ತಾಳೆ ಪಾತ್ರೆಗಳಿಗೆ. ಬೈಯಲು ಬಾರದ ನಾನು ಹುಣಸೆಹಣ್ಣು ಹಚ್ಚಿ ಅವನ್ನು ತಿಕ್ಕುತ್ತ ಕೂರುತ್ತೇನೆ. ತಿರುವನಂತಪುರದ ಪಟ್ಟಂನಲ್ಲಿ ನಾವಿದ್ದಾಗ, ಒಂದು ಜೂನ್ ತಿಂಗಳಲ್ಲಿ, ಕೊಳಗದಿಂದ ಒಗ್ಗರಣೆ ಸೌಟಿನವರೆಗೆ ಎಲ್ಲವೂ ಮದುವೆಮನೆಯ ಹಾಗೆ ಹೊಳೆಯುತ್ತಿದ್ದವು. ಬಂದವರು ಹೊಗಳಿದರು. ಕಾರಣ ಯಾರೂ ಕೇಳಲಿಲ್ಲ.

ಕಾರಣ, ಪಕ್ಕದ ಮನೆಯ ಅಮ್ಮಿಣಿ. ಅವಳಿಗೆ ಊರಿನ ಒಂದು ಶಾಲೆಯಲ್ಲಿ ಗಣಿತದ ಟೀಚರ್ ಕೆಲಸ ಸಿಕ್ಕಿತ್ತು. ಅದೇ ಕೆಲಸಕ್ಕೆ ನಾನೂ ಅರ್ಜಿ ಹಾಕಿದ್ದೆ.

ಇದಕ್ಕೆಲ್ಲ ಸಿಟ್ಟೇ ಎನ್ನುವವರು ಸ್ವಲ್ಪ ಹಿಂದಿನದನ್ನೂ ಕೇಳಬೇಕು. ಮೈಸೂರಿನಲ್ಲಿ ಬಿ.ಎಸ್ಸಿ., ಬಿ.ಎಡ್. ಮುಗಿಸಿ, ಕರಿಹಲಗೆಯ ಮುಂದೆ ನಿಲ್ಲುವ ದಿನಕ್ಕೆ ಕಾದವಳು ನಾನು. ಮದುವೆಯಾದದ್ದು ಕೇಂದ್ರ ಸರ್ಕಾರದ ನೌಕರರನ್ನು. ಅವರಿಗೆ ವರ್ಗವಾದ ಕಡೆಗೆಲ್ಲ ನನ್ನ ಸರ್ಟಿಫಿಕೇಟುಗಳೂ ಟ್ರಂಕಿನ ತಳದಲ್ಲಿ ಪ್ರಯಾಣ ಮಾಡಿದವು. ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿದ್ದಾಗ, ಎರ್ನಾಕುಲಂನ ಒಂದು ಇಂಗ್ಲಿಷ್ ಶಾಲೆಯವರು ನನ್ನನ್ನು ಒಪ್ಪಿದರು. ದಿನವೂ ಬೋಟಿನಲ್ಲಿ ಹೋಗಿಬರಬೇಕಲ್ಲ ಎಂದು ಹೊಸ ಕೊಡೆ ಕೊಂಡೆ, ಎರಡು ಸೀರೆಗೆ ಗಂಜಿ ಹಾಕಿದೆ. ಗಂಜಿ ಒಣಗುವುದರೊಳಗೆ ಯಜಮಾನರಿಗೆ ತಿರುವನಂತಪುರಕ್ಕೆ ವರ್ಗವಾಯಿತು.

ಅಲ್ಲಿ ಅಮ್ಮಿಣಿ ಸಿಕ್ಕಳು. ನನಗಿಂತ ಹನ್ನೆರಡು ವರ್ಷ ಚಿಕ್ಕವಳು, ಮದುವೆಯಾದ ಮೇಲೆ ಓದು ಮುಂದುವರಿಸಿದವಳು. ಎರಡು ಬೇಸಿಗೆ ನಮ್ಮ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು ಬಿ.ಎಡ್.ಗೆ ಓದಿದಳು. ಓದಿಸಿದವಳು ನಾನು. ನಮ್ಮ ಭಾಷೆ ಅರ್ಧ ಇಂಗ್ಲಿಷು, ಅರ್ಧ ಮಲಯಾಳ, ಉಳಿದದ್ದು ಕೈಸನ್ನೆ. ಗಣಿತ ಓದಿದವರು ಈ ಲೆಕ್ಕವನ್ನು ಕ್ಷಮಿಸಬೇಕು. ಕೆಲಸ ಖಾಲಿ ಇರುವುದನ್ನು ಅವಳಿಗೆ ಹೇಳಿದವಳೂ ನಾನೇ.

ಸಂದರ್ಶನದಲ್ಲಿ ಹೆಡ್‌ಮಿಸ್ಟ್ರೆಸ್, ಮಕ್ಕಳು ಮಲಯಾಳದಲ್ಲಿ ಸಂದೇಹ ಕೇಳಿದರೆ ಏನು ಮಾಡುತ್ತೀರಿ ಎಂದು ಬಹಳ ಮರ್ಯಾದೆಯಿಂದ ಕೇಳಿದರು. ನನ್ನ ಮಲಯಾಳ ಚಾಲೈ ಪೇಟೆಯಲ್ಲಿ ಕಲಿತದ್ದು. ಅದರಲ್ಲಿ ಕುಂಬಳಕಾಯಿ ಚೌಕಾಸಿ ಮಾಡಬಹುದು, ತ್ರಿಕೋನ ಬಿಡಿಸಿ ಹೇಳಲಾಗದು. ಅವರ ಪ್ರಶ್ನೆ ನ್ಯಾಯವಾಗಿಯೇ ಇತ್ತು. ನನಗೆ ತಡೆಯಲಾಗದ್ದೂ ಅದೇ. ಅನ್ಯಾಯ ಮಾಡಿದವರು ಎದುರಿಗಿದ್ದರೆ ಶಪಿಸಿ ಹಗುರಾಗಬಹುದು. ಎಲ್ಲರೂ ಸರಿಯಾಗಿಯೇ ನಡೆದುಕೊಂಡು, ನಮ್ಮ ಪಾಲಿಗೆ ಮಾತ್ರ ಏನೂ ಉಳಿಯದಿದ್ದರೆ ಯಾರ ಕೊರಳಪಟ್ಟಿ ಹಿಡಿಯುವುದು?

ಯಜಮಾನರು ಸಮಾಧಾನ ಹೇಳಿದರು: “ಬಿಡೇ, ನಿಂಗೇ ಸಿಕ್ಕಿದ್ರೂ ಮುಂದಿನ ವರ್ಷ ನಂಗೆ ಟ್ರಾನ್ಸ್‌ಫರ್ ಆಗ್ತಿತ್ತು.”

ಅವತ್ತು ದೊಡ್ಡ ಹಂಡೆಯನ್ನೇ ಉಜ್ಜಿದೆ.

ಅಮ್ಮಿಣಿ ಪಾಯಸ ತಂದುಕೊಟ್ಟಳು, ಚೆನ್ನಾಗಿದೆ ಎಂದೆ. ಆಮೇಲೆ ಹಿತ್ತಲ ಬಾಗಿಲಿಗೆ ಚಿಲಕ ಹಾಕತೊಡಗಿದೆ. ಹತ್ತು ದಿನ ನೋಡಿ, ಒಂದು ಸಂಜೆ ಅವಳು ಕಾಂಪೌಂಡಿನ ಆಚೆಯಿಂದ ಕೇಳಿಯೇಬಿಟ್ಟಳು: “ಚೇಚ್ಚಿಕ್ಕ್ ಎನ್ನೋಡ್ ದೇಷ್ಯಮಾಣೋ?”

ಅಕ್ಕನಿಗೆ ನನ್ನ ಮೇಲೆ ದ್ವೇಷವೇ? ಹಾಗೆಂದು ನನ್ನ ಕನ್ನಡದ ಕಿವಿಗೆ ಕೇಳಿಸಿತು. “ಅಯ್ಯೋ, ಇಲ್ಲ, ಇಲ್ಲ!” ಎಂದು ಒಳಗೆ ಓಡಿಬಂದೆ. ಅವಳ ಮುಖ ಸಣ್ಣಗಾದದ್ದು ಕಂಡಿತು, ಯಾಕೆಂದು ತಿಳಿಯಲಿಲ್ಲ.

ಕೂತು ಯೋಚಿಸಿದೆ. ನಿಜಕ್ಕೂ ದ್ವೇಷವೇ? ನಮ್ಮ ಮಾತಿನಲ್ಲಿ ಸಿಟ್ಟು ‘ಬರುತ್ತದೆ’, ನೆಗಡಿಯ ಹಾಗೆ, ನೆಂಟರ ಹಾಗೆ. ಬಂದದ್ದು ಎಂದಾದರೂ ಹೊರಟೀತು. ದ್ವೇಷವನ್ನಾದರೋ ‘ಸಾಧಿಸಬೇಕು’. ಅದಕ್ಕೆ ಶ್ರದ್ಧೆ ಬೇಕು, ದಿನನಿತ್ಯದ ಅಭ್ಯಾಸ ಬೇಕು. ಹತ್ತು ದಿನ ತಪ್ಪದೆ ಚಿಲಕ ಹಾಕಿದ್ದೆನಲ್ಲ! ನಲವತ್ತನಾಲ್ಕು ವರ್ಷ ಏನನ್ನೂ ಸಾಧಿಸದವಳು ಕಡೆಗೆ ಸಾಧಿಸಹೊರಟದ್ದು ಇದನ್ನೇ ಎಂದು ಮಗಳ ಮುಂದೆ ಹೇಳಿಕೊಂಡೆ.

ಕೇರಳದಲ್ಲೇ ಬೆಳೆದ ಅವಳಿಗೆ ನನ್ನ ಕಂಗಾಲು ಕಂಡು ನಗು. “ಅಮ್ಮಾ, ದೇಷ್ಯಂ ಅಂದ್ರೆ ದ್ವೇಷ ಅಲ್ಲ. ಜಸ್ಟ್ ಸಿಟ್ಟು. ಅತ್ರೇ ಉಳ್ಳೂ,” ಎಂದಳು. ಅಷ್ಟೇ ಅಂತೆ! ಸಂಸ್ಕೃತದ ದ್ವೇಷವೇ ಈ ಊರಿಗೆ ಬಂದು, ಎಣ್ಣೆ ಹಚ್ಚಿಕೊಂಡು ಕೊಳದಲ್ಲಿ ಮಿಂದು, ಇಷ್ಟು ಮೆತ್ತಗಾಯಿತೋ ಏನೋ. ಪಂಡಿತರು ಹೇಳಬೇಕು. ನನಗೆ ಹೊಳೆದದ್ದು ಬೇರೆ: ಅಮ್ಮಿಣಿ ಕೇಳಿದ್ದು ಸಿಟ್ಟೇ ಎಂದು. ನಾನು ಇಲ್ಲ ಎಂದದ್ದು ಶುದ್ಧ ಸುಳ್ಳು.

ಬೆಳಿಗ್ಗೆ ಚಿಲಕ ತೆಗೆದು ಕರೆದೆ. “ಅಮ್ಮಿಣೀ, ದೇಷ್ಯಂ ಉಂಡ್. ಕುರೇ ಉಂಡ್.” ಇದೆ, ಬೇಕಾದಷ್ಟಿದೆ. ಪೇಟೆಯ ಮಲಯಾಳ ಅಷ್ಟಕ್ಕೆ ಸಾಕಾಯಿತು.

ಅವಳ ಕಣ್ಣು ತುಂಬಿತು. “ಎನಿಕ್ಕರಿಯಾಂ ಚೇಚ್ಚೀ,” ನನಗೆ ಗೊತ್ತು, ಎಂದಳು. ಸಿಟ್ಟಿಗೆ ತಾನು ಹೆದರಿರಲಿಲ್ಲವಂತೆ. ಇಲ್ಲ ಎಂದೆನಲ್ಲ, ಆಗ ಹೆದರಿದಳಂತೆ.

ಆಮೇಲೆ ಅವಳು ಮೆಲ್ಲಗೆ ಇನ್ನೊಂದನ್ನು ಒಪ್ಪಿಕೊಂಡಳು. ಭಿನ್ನರಾಶಿಯನ್ನು ಭಾಗಿಸುವಾಗ ಯಾಕೆ ತಲೆಕೆಳಗು ಮಾಡಬೇಕೆಂದು ಮಕ್ಕಳು ಕೇಳಿದರಂತೆ; ಅದು ನಿಯಮ ಎಂದುಬಿಟ್ಟಳಂತೆ.

“ನಿಯಮವೇ?” ಎಂದು ಗದರಿದೆ. ಎರಡು ಬೇಸಿಗೆಯಲ್ಲಿ ಒಮ್ಮೆಯೂ ಅವಳನ್ನು ಗದರಿದವಳಲ್ಲ. ಮೆಟ್ಟಿಲ ಮೇಲೆ ಕೂರಿಸಿ, ಅರ್ಧ ದೋಸೆಯಲ್ಲಿ ಕಾಲು ದೋಸೆ ಎಷ್ಟಿವೆ ಹರಿದು ತೋರಿಸು ಎಂದೆ. ಹರಿದು ತೋರಿಸಿ, ಎರಡನ್ನೂ ತಿಂದು, ಬಸ್ಸಿಗೆ ಹೊತ್ತಾಯಿತೆಂದು ಎದ್ದಳು.

“ನನ್ನ ಸಿಟ್ಟು ಇನ್ನೂ ಮುಗಿದಿಲ್ಲ,” ಎಂದೆ. “ನಾಳೆ ದಶಾಂಶ ತೆಗೆದುಕೊಂಡು ಬಾ.”